ಗಿದ್ಯೋನನ ಹಾಗೆ ದೇವರ ಹತ್ತಿರ ಗುರುತು ಕೇಳಬಹುದಾ?

ಪ್ರಶ್ನೆ: ದುಬೈನಲ್ಲಿ ಕೆಲಸ ಸಿಕ್ಕಿದೆ. ಸಂಬಳ ಜಾಸ್ತಿ. ಆದರೆ ಹೆಂಡತಿ, ಮಗುವನ್ನು ಸದ್ಯಕ್ಕೆ ಕರೆದುಕೊಂಡು ಹೋಗುವ ಹಾಗಿಲ್ಲ. ಅವಳಿಗೆ ಇಷ್ಟವೂ ಇಲ್ಲ. ಉಪವಾಸವಿದ್ದು ಪ್ರಾರ್ಥನೆ ಮಾಡಿದೆ, ಸ್ಪಷ್ಟ ಉತ್ತರ ಬರಲಿಲ್ಲ. ಗಿದ್ಯೋನ ಉಣ್ಣೆ ಇಟ್ಟು ಗುರುತು ಕೇಳಿದ ಹಾಗೆ, "ಸೋಮವಾರದೊಳಗೆ ವೀಸಾ ಬಂದರೆ ಹೋಗುತ್ತೇನೆ" ಅಂತ ದೇವರನ್ನು ಕೇಳಬಹುದಾ?

ಉತ್ತರ: ಕೇಳಿದರೆ ಪಾಪ ಅಂತ ನಾನು ಹೇಳುವುದಿಲ್ಲ. ಆದರೆ ಗಿದ್ಯೋನನ ಕಥೆಯನ್ನು ಇನ್ನೊಂದು ಸಲ ಪೂರ್ತಿ ಓದಿ. ನ್ಯಾಯಸ್ಥಾಪಕರು 6 ಮತ್ತು 7ನೇ ಅಧ್ಯಾಯ.

ಇಸ್ರಾಯೇಲ್ಯರನ್ನು ಕೊಳ್ಳೆ ಹೊಡೆಯುತ್ತಿದ್ದ ಮಿದ್ಯಾನ್ಯರಿಗೆ ಹೆದರಿ ಗಿದ್ಯೋನ ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಕದ್ದು ಗೋಧಿ ಬಡಿಯುತ್ತಿದ್ದ. ಹೋಗು, ಇಸ್ರಾಯೇಲ್ಯರನ್ನು ಬಿಡಿಸು ಅಂತ ದೇವರು ಅಲ್ಲೇ ಹೇಳಿ ಆಗಿತ್ತು. ಉಣ್ಣೆಯ ಪ್ರಸಂಗ ಬರುವುದು ಆಮೇಲೆ. ಅಂದರೆ ಏನು ಮಾಡಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಇಲ್ಲದೇ ಇದ್ದದ್ದು ಧೈರ್ಯ. ಮೊದಲ ರಾತ್ರಿ ಕಣದಲ್ಲಿಟ್ಟ ಉಣ್ಣೆ ಮಾತ್ರ ಒದ್ದೆ, ನೆಲ ಒಣಗಿತ್ತು. ಬೆಳಿಗ್ಗೆ ಹಿಂಡಿದರೆ ಬಟ್ಟಲು ತುಂಬ ನೀರು. ಅಷ್ಟಾದರೂ ಸಾಲಲಿಲ್ಲ. ಕೋಪ ಮಾಡಿಕೊಳ್ಳಬೇಡ ಅಂತ ಬೇಡಿಕೊಂಡು, ಈ ಸಲ ಉಣ್ಣೆ ಒಣಗಿರಲಿ, ನೆಲ ಒದ್ದೆಯಾಗಲಿ ಅಂದ. ಅದೂ ಆಯಿತು. ಭಯ ಹೋಯಿತಾ? ಇಲ್ಲ. ಮುಂದಿನ ಅಧ್ಯಾಯದಲ್ಲಿ ದೇವರೇ, "ನಿನಗೆ ಹೆದರಿಕೆ ಇದ್ದರೆ ಆಳನ್ನು ಕರೆದುಕೊಂಡು ಶತ್ರುಗಳ ಪಾಳೆಯದ ಹತ್ತಿರ ಹೋಗಿ ಅವರ ಮಾತು ಕೇಳಿಸಿಕೋ" ಅನ್ನಬೇಕಾಯಿತು. ಅವನು ಹೋದ ಕೂಡ! ದೇವರು ಅವನನ್ನು ಗದರಿಸಲಿಲ್ಲ, ಸಹಿಸಿಕೊಂಡರು. ಹಾಗಂತ ಎಲ್ಲರೂ ಹೀಗೇ ಮಾಡಿ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ.

ಗುರುತಿನಿಂದ ಮನಸ್ಸು ನೆಟ್ಟಗಾಗುವುದಿಲ್ಲ ಅನ್ನೋದಕ್ಕೆ ಇನ್ನೊಂದು ಉದಾಹರಣೆ ಇದೆ. ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1737ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿದ್ದರು. ಸೋಫಿಯಾ ಹಾಪ್ಕಿ ಎಂಬ ಹುಡುಗಿಯನ್ನು ಮದುವೆಯಾಗುವುದೋ ಬೇಡವೋ ಅಂತ ಪ್ರಾರ್ಥನೆ ಮಾಡಿ ಮೂರು ಚೀಟಿ ಬರೆದರು. "ಇನ್ನು ಆ ಯೋಚನೆ ಬಿಡು" ಅನ್ನುವ ಚೀಟಿ ಬಂತು. ಅದೇ ತಿಂಗಳು ಅವಳು ಬೇರೆಯವರನ್ನು ಮದುವೆಯಾದಳು. ಕೆಲವು ತಿಂಗಳ ನಂತರ ವೆಸ್ಲಿ ಅವಳಿಗೆ ಪ್ರಭುಭೋಜನ ಕೊಡಲಿಲ್ಲ, ಗಂಡ ಕೋರ್ಟಿಗೆ ಎಳೆದ, ಡಿಸೆಂಬರ್‌ನಲ್ಲಿ ವೆಸ್ಲಿ ಊರನ್ನೇ ಬಿಟ್ಟು ಹೊರಟರು. ಅಷ್ಟು ದೊಡ್ಡ ದೇವಸೇವಕರಿಗೇ ಚೀಟಿ ಕೈಗೆ ಬಂದರೂ ಮನಸ್ಸು ಕೈಗೆ ಬರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ಕಡೆ ಓದುವ ಅಭ್ಯಾಸವೂ ಹೀಗೇ. ಲೋಕದ ವ್ಯವಹಾರಕ್ಕೆ ದೇವರ ವಾಕ್ಯವನ್ನು ಹೀಗೆ ಬಳಸುವುದು ತನಗೆ ಹಿಡಿಸುವುದಿಲ್ಲ ಅಂತ ಸಂತ ಅಗಸ್ಟೀನ್ ತಮ್ಮ ಕಾಲದಲ್ಲೇ ಬರೆದಿದ್ದರು. ಹೊಸ ವರ್ಷದ ರಾತ್ರಿ ಸಭೆಯಲ್ಲಿ ಎತ್ತಿಕೊಳ್ಳುವ, ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ನನಗೂ ಇಷ್ಟ, ವರ್ಷವಿಡೀ ಬೀರುವಿನ ಬಾಗಿಲ ಮೇಲೆ ಅಂಟಿರುತ್ತದೆ. ಆದರೆ ಅದರಲ್ಲಿ "ನಿನ್ನನ್ನು ದೂರದೇಶಕ್ಕೆ ನಡಿಸುವೆನು" ಅಂತಿದ್ದರೆ ಟಿಕೆಟ್ ಬುಕ್ ಮಾಡಬೇಡಿ.

ನೀವು ವೀಸಾ ಅಂದಿರಿ. ನಮ್ಮ ಸಭೆಗಳಲ್ಲಿ ಇದಕ್ಕೆ "ದೇವರು ಬಾಗಿಲು ತೆರೆದರು" ಅನ್ನುತ್ತೇವೆ. ಯೋನ ದೇವರಿಂದ ತಪ್ಪಿಸಿಕೊಂಡು ಯೊಪ್ಪಕ್ಕೆ ಬಂದಾಗ ತಾರ್ಷೀಷಿಗೆ ಹೋಗುವ ಹಡಗು ರೆಡಿಯಾಗಿ ನಿಂತಿತ್ತು. ಟಿಕೆಟ್ಟಿಗೆ ದುಡ್ಡೂ ಇತ್ತು. ಬಾಗಿಲು ತೆರೆದಿತ್ತು, ಅಲ್ವಾ? ಇನ್ನೊಂದು ಕಡೆ, ತ್ರೋವ ಎಂಬ ಊರಿನಲ್ಲಿ ಸುವಾರ್ತೆಗೆ ಕರ್ತನೇ ಬಾಗಿಲು ತೆರೆದಿದ್ದರೂ, ಜೊತೆ ಸೇವಕ ತೀತ ಸಿಗಲಿಲ್ಲ, ಮನಸ್ಸಿಗೆ ನೆಮ್ಮದಿ ಇರಲಿಲ್ಲ ಅಂತ ಪೌಲ ಅಲ್ಲಿಂದ ಹೊರಟ. 2 ಕೊರಿಂಥ 2ನೇ ಅಧ್ಯಾಯದಲ್ಲಿ ಅವನೇ ಬರೆದುಕೊಂಡಿದ್ದಾನೆ.

ಹಾಗಾದರೆ ಅಪೊಸ್ತಲರು ಹೇಗೆ ತೀರ್ಮಾನ ಮಾಡುತ್ತಿದ್ದರು? ಯೂದನ ಜಾಗಕ್ಕೆ ಮತ್ತೀಯನನ್ನು ಚೀಟಿ ಹಾಕಿ ಆರಿಸಿದರು, ನಿಜ. ಅದು ಪಂಚಾಶತ್ತಮದ ಹಬ್ಬಕ್ಕೆ ಮುಂಚೆ. ಪವಿತ್ರಾತ್ಮ ಬಂದ ಮೇಲೆ ಅವರು ಚೀಟಿ ಹಾಕಿದ ಸುದ್ದಿ ಹೊಸ ಒಡಂಬಡಿಕೆಯಲ್ಲಿ ಇಲ್ಲ. ಯೆರೂಸಲೇಮಿನಲ್ಲಿ, ಯೆಹೂದ್ಯರಲ್ಲದ ವಿಶ್ವಾಸಿಗಳಿಗೂ ಸುನ್ನತಿ ಬೇಕಾ ಅನ್ನುವ ಜಗಳ ಬಂದಾಗ ಕೂತು ಮಾತಾಡಿದರು, ಬಹಳ ವಾದ ಮಾಡಿದರು, ಶಾಸ್ತ್ರ ತೆಗೆದರು. ಕೊನೆಗೆ ಬರೆದ ಪತ್ರದಲ್ಲಿ ಇದು ಪವಿತ್ರಾತ್ಮನಿಗೂ ನಮಗೂ ಸರಿ ಕಂಡಿತು ಅಂದರು. ಆ "ನಮಗೂ" ಅನ್ನೋದನ್ನು ನಾವು ಓದದೆ ಹಾರಿಸಿಬಿಡುತ್ತೇವೆ. ನಮ್ಮಲ್ಲಿಗೆ ಬಂದು ಸಹಾಯ ಮಾಡು ಅಂತ ಮಕೆದೋನ್ಯದವನೊಬ್ಬ ಕರೆಯುವ ದರ್ಶನ ಪೌಲನಿಗೆ ಆದಾಗಲೂ ಅಷ್ಟೇ. ದರ್ಶನ ಕಂಡವನು ಒಬ್ಬ, ದೇವರು ಕರೆದಿದ್ದಾರೆ ಅಂತ ನಿಶ್ಚಯಿಸಿ ಹೊರಟವರು "ನಾವು". ಹೋದ ಮೇಲೆ ಫಿಲಿಪ್ಪಿಯಲ್ಲಿ ಛಡಿಯೇಟು, ಜೈಲು. ಕಷ್ಟ ಬಂದ ತಕ್ಷಣ ದೇವರ ಚಿತ್ತ ತಪ್ಪಿತು ಅಂದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗ ನಿಮ್ಮ ವಿಷಯಕ್ಕೆ ಬರೋಣ. ಹೆಂಡತಿಗೆ ಇಷ್ಟವಿಲ್ಲ ಅನ್ನೋದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಪ್ರಕಾರ ವೀಸಾಗಿಂತ ಅದು ದೊಡ್ಡ ಸಂಗತಿ. ಯಾಕೆ ಬೇಡ ಅಂತ ಕೂರಿಸಿಕೊಂಡು ಕೇಳಿದ್ದೀರಾ? ಒಂಟಿಯಾಗಿ ಮಗು ನೋಡಿಕೊಳ್ಳುವ ಭಯವಾ, ಸಾಲದ ಬಗ್ಗೆ ಚಿಂತೆಯಾ? ಇಬ್ಬರೂ ಸೇರಿ ಪ್ರಾರ್ಥನೆ ಮಾಡಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಡವೇ ಅಂತ ಯೇಸು ಕೇಳಿದ್ದು ಶಿಷ್ಯತ್ವದ ಬಗ್ಗೆ, ಆದರೆ ಲೆಕ್ಕ ಹಾಕುವುದು ಅಪನಂಬಿಕೆ ಅಲ್ಲ ಅನ್ನೋದಂತೂ ಅದರಿಂದ ಗೊತ್ತಾಗುತ್ತದೆ. ರೂಮ್ ಬಾಡಿಗೆ, ಊಟ, ಊರಿಗೆ ಬಂದುಹೋಗುವ ಖರ್ಚು ಕಳೆದು ಎಷ್ಟು ಉಳಿಯುತ್ತದೆ, ಬರೆದು ನೋಡಿ. ಏಜೆಂಟ್ ಮೂಲಕ ಹೋಗುವುದಾದರೆ ಅವನಿಗೆ ಪರವಾನಗಿ ಇದೆಯಾ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ. ಯಾಕೋಬನ ಪತ್ರಿಕೆ ದೇವರ ಹತ್ತಿರ ಕೇಳು ಅನ್ನುವುದು ಜ್ಞಾನವನ್ನು. ಇದೆಲ್ಲ ಜ್ಞಾನವೇ.

ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಇಂಥ ಹೊತ್ತಿಗೆ ಒಂದು ದಾರಿ ಹೇಳಿಕೊಟ್ಟಿದ್ದಾರೆ. ನೀವು ಪ್ರಾಟೆಸ್ಟಂಟರಾದರೂ ಮಾಡಿ ನೋಡಬಹುದು. ಪರಿಚಯವೇ ಇಲ್ಲದ ಒಬ್ಬರು ಇದೇ ಪ್ರಶ್ನೆ ಹಿಡಿದು ಬಂದರೆ ಅವರಿಗೆ ಏನು ಹೇಳುತ್ತೀರಿ? ಅದನ್ನು ನೀವೇ ಪಾಲಿಸಿ. ಮನಸ್ಸು ಕುಗ್ಗಿ, ಪ್ರಾರ್ಥನೆ ಒಣಗಿ ಹೋದ ದಿನಗಳಲ್ಲಿ ಮೊದಲು ಮಾಡಿದ ತೀರ್ಮಾನ ಬದಲಿಸಬೇಡಿ ಅಂತಲೂ ಅವರು ಹೇಳಿದ್ದಾರೆ.

ಪಾಸ್ಟರ್ ಅಥವಾ ಫಾದರ್ ಹತ್ತಿರ ಮಾತಾಡಿ, ನಿಮ್ಮ ಮನೆಯ ಸ್ಥಿತಿ ಗೊತ್ತಿರುವ ಒಬ್ಬ ಹಿರಿಯರ ಹತ್ತಿರವೂ ಮಾತಾಡಿ. ಯಾರಾದರೂ "ದೇವರು ನನಗೆ ತೋರಿಸಿದರು, ನೀನು ಹೋಗಲೇಬೇಕು" ಅಂದರೆ ಆತುರ ಬೇಡ. 1 ಅರಸುಗಳು 13ರಲ್ಲಿ, ಅಲ್ಲಿ ಊಟ ಮಾಡಬೇಡ ಅಂತ ದೇವರು ಹೇಳಿದ್ದರೂ, ದೇವದೂತನೇ ಹೇಳಿದ ಅಂದ ಮುದುಕ ಪ್ರವಾದಿಯ ಸುಳ್ಳನ್ನು ನಂಬಿ ಊಟಕ್ಕೆ ಹೋದ ದೇವಸೇವಕನನ್ನು ದಾರಿಯಲ್ಲಿ ಸಿಂಹ ಕೊಂದಿತು.

ಇಷ್ಟಾದ ಮೇಲೂ ಎರಡೂ ದಾರಿ ಸಮ ಅನ್ನಿಸಿದರೆ, ಎರಡರಲ್ಲೂ ಪಾಪವಿಲ್ಲದಿದ್ದರೆ, ನೀವಿಬ್ಬರೂ ಒಪ್ಪಿದ್ದನ್ನು ಆರಿಸಿಕೊಳ್ಳಿ. ಕಂಪನಿಗೆ ಸೋಮವಾರ ಉತ್ತರ ಕೊಡಿ, ವೀಸಾ ಬಂದಿರಲಿ, ಬಿಡಲಿ.