ಓಪನ್ ಫೈಲ್ ಕೊಡ್ತೀರಾ? ಓಪನ್ ಸೋರ್ಸ್ ಎಂಬ ಒಂದು ಮಾತು, ಹಲವು ಅರ್ಥ

ಹೋದ ತಿಂಗಳು ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದ ಸಭೆಗೆ ನನ್ನನ್ನು ಕರೆದಿದ್ದರು. ಹೊಸ ಸಾಫ್ಟ್‌ವೇರ್ ತಗೊಳ್ಳೋದಿತ್ತು. ಹಳೆಯದನ್ನು ಮಾಡಿಕೊಟ್ಟವರ ಫೋನ್ ವರ್ಷದಿಂದ ಸ್ವಿಚ್ ಆಫ್. ಹಿರಿಯ ನಾಗರಿಕರ ಠೇವಣಿಗೆ ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಕೊಡಬೇಕು ಅಂತ ಸರ್ವಸದಸ್ಯರ ಸಭೆ ತೀರ್ಮಾನ ಮಾಡಿದೆ. ಆದರೆ ಆ ಸಾಫ್ಟ್‌ವೇರ್‌ನಲ್ಲಿ ಎಲ್ಲರಿಗೂ ಒಂದೇ ದರ. ಗುಮಾಸ್ತೆ ಮೇಡಂ ಆ ಅರ್ಧ ಪರ್ಸೆಂಟನ್ನು ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

ಮೂರು ಕೊಟೇಶನ್ ಬಂದಿದ್ದವು. ಮೂರರಲ್ಲೂ ‘ಓಪನ್ ಸೋರ್ಸ್’ ಅಂತ ಇತ್ತು. ಕಾರ್ಯದರ್ಶಿಗಳು ಅದನ್ನು ‘ದುಡ್ಡಿಲ್ಲ’ ಅಂತ ಓದಿಕೊಂಡಿದ್ದರು. ನಿರ್ದೇಶಕರೊಬ್ಬರಿಗೆ, ‘ಹಂಗಾದ್ರೆ ನಮ್ಮ ಲೆಕ್ಕ ಎಲ್ಲರಿಗೂ ಕಾಣುತ್ತಾ?’ ಅನ್ನುವ ಗಾಬರಿ. ಕೊಟೇಶನ್ ಕೊಟ್ಟವರಿಗೆ ಫೋನ್ ಹಚ್ಚಿದೆವು. ಒಬ್ಬರು ‘ಲಿನಕ್ಸ್ ಮೇಲೆ ಓಡುತ್ತೆ ಸಾರ್, ಅದಕ್ಕೇ ಓಪನ್ ಸೋರ್ಸ್’ ಅಂದರು. (ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ.) ಇನ್ನೊಬ್ಬರು ‘ಕೋಡ್ ತೋರಿಸ್ತೀವಿ, ಆದ್ರೆ ಬೇರೆಯವರು ಕೈ ಹಚ್ಚಂಗಿಲ್ಲ’ ಅಂದರು.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಈ ಮಾತು ನಡೆದು ಬಂದ ದಾರಿಯೇ ಹಾಗಿದೆ.

ಮೊದಲು ‘ಸೋರ್ಸ್’ ಅಂದರೆ ಏನು ಅಂತ ನೋಡೋಣ. 2002ರ ಸುಮಾರಿಗೆ ನಾನು ಅಶೋಕ ರಸ್ತೆ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡುತ್ತಿದ್ದೆ. ಆ ಕಸುಬಿನಲ್ಲಿ ‘ಓಪನ್ ಫೈಲ್’ ಅನ್ನುವ ಮಾತಿದೆ. ಗಿರಾಕಿಗೆ ಪ್ರಿಂಟ್ ಕೊಡುತ್ತೇವೆ, ಬೇಕಂದರೆ ಜೆಪೆಗ್ ಕೊಡುತ್ತೇವೆ. ಆದರೆ ಮುಹೂರ್ತ ಬದಲಾದರೆ ಜೆಪೆಗ್‌ನಲ್ಲಿ ಒಂದಕ್ಷರ ತಿದ್ದಲು ಬರುವುದಿಲ್ಲ. ತಿದ್ದಬೇಕಂದರೆ ಕೋರಲ್‌ಡ್ರಾದಲ್ಲಿ ಮಾಡಿದ ಮೂಲ ಫೈಲೇ ಬೇಕು. ಅದೇ ಓಪನ್ ಫೈಲ್. ಕೆಲವು ಮಾಲೀಕರು ಕೇಳಿದ ಕೂಡಲೇ ಕೊಡುತ್ತಿದ್ದರು. ಕೆಲವರು ಅಕ್ಷರಗಳನ್ನೆಲ್ಲ ಕರ್ವ್ ಮಾಡಿ ಕೊಡುತ್ತಿದ್ದರು. ಫೈಲು ತೆರೆಯುತ್ತದೆ, ಅಕ್ಷರ ಕಾಣುತ್ತದೆ. ಆದರೆ ಕಂಪ್ಯೂಟರಿಗೆ ಅದು ಅಕ್ಷರವಲ್ಲ, ಬರೀ ಗೆರೆ. ‘ಸೋಮವಾರ’ವನ್ನು ‘ಬುಧವಾರ’ ಮಾಡಬೇಕಂದರೆ ಮತ್ತೆ ಅದೇ ಅಂಗಡಿಗೆ ಬರಬೇಕು.

ಸಾಫ್ಟ್‌ವೇರ್‌ನ ಕಥೆಯೂ ಇದೇ. ಪ್ರೋಗ್ರಾಮರ್ ಬರೆದದ್ದು ಸೋರ್ಸ್ ಕೋಡ್. ನಮ್ಮ ಕಂಪ್ಯೂಟರಿಗೆ ಸಾಮಾನ್ಯವಾಗಿ ಬರುವುದು ಕರ್ವ್ ಮಾಡಿದ ಪ್ರತಿ.

ಶುರುವಿನಲ್ಲಿ ಈ ಮುಚ್ಚುಮರೆ ಅಷ್ಟಾಗಿ ಇರಲಿಲ್ಲ. ಕಂಪ್ಯೂಟರ್ ಕೊಂಡರೆ ಅದರ ಜೊತೆ ಪ್ರೋಗ್ರಾಮೂ ಬರುತ್ತಿತ್ತು. 1969ರಲ್ಲಿ ಐಬಿಎಂ ಸಾಫ್ಟ್‌ವೇರ್‌ಗೆ ಬೇರೆ ಬೆಲೆ ಹಾಕುವುದಾಗಿ ಹೇಳಿತು. ಅಲ್ಲಿಂದ ಸಾಫ್ಟ್‌ವೇರ್ ತಾನೇ ಒಂದು ಸರಕಾಯಿತು. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲ್ಯಾಬ್‌ಗೆ ಒಂದು ಹೊಸ ಪ್ರಿಂಟರ್ ಬಂತು. ಹಳೆಯ ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಹಾಕಿಕೊಂಡರೆ ತಿಳಿಸುವ ಹಾಗೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಕೋಡ್ ತಿದ್ದಿಕೊಂಡಿದ್ದರು. ಹೊಸದಕ್ಕೆ ಸೋರ್ಸ್ ಕೋಡ್ ಇರಲಿಲ್ಲ. ಅದು ಇದ್ದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲ ಅಂತ ಸಹಿ ಹಾಕಿದ್ದೇನೆ ಅಂದರು. 1983ರಲ್ಲಿ ಸ್ಟಾಲ್ಮನ್, ಯಾರು ಬೇಕಾದರೂ ಓದಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ ಕಟ್ಟಲು ಗ್ನೂ ಯೋಜನೆ ಶುರು ಮಾಡಿದರು. 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸ್ ಬಂತು. ಬಳಸಬಹುದು, ಓದಿ ತಿದ್ದಬಹುದು, ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು. ಆದರೆ ಹಂಚುವಾಗ ಪಡೆದವರಿಗೂ ಇದೇ ಹಕ್ಕು ಕೊಡಬೇಕು. ಇಂಥ ಹಕ್ಕಿರುವ ಸಾಫ್ಟ್‌ವೇರ್‌ಗೆ ಸ್ಟಾಲ್ಮನ್ ಇಟ್ಟ ಹೆಸರು ‘ಫ್ರೀ ಸಾಫ್ಟ್‌ವೇರ್’.

ಗೊಂದಲದ ಮೊದಲ ಗಂಟು ಬಿದ್ದಿದ್ದು ಇಲ್ಲೇ. ಇಂಗ್ಲಿಷಿನ ‘ಫ್ರೀ’ಗೆ ಸ್ವತಂತ್ರ ಅಂತಲೂ ಅರ್ಥ, ಪುಕ್ಕಟೆ ಅಂತಲೂ ಅರ್ಥ. ಸ್ಟಾಲ್ಮನ್ ಹೇಳಿದ್ದು ಮೊದಲನೆಯದನ್ನು. ತಾವೇ ಬರೆದ ಇಮ್ಯಾಕ್ಸ್ ಎಂಬ, ಬರಹ ತಿದ್ದುವ ಸಾಫ್ಟ್‌ವೇರ್‌ನ ಟೇಪನ್ನು ಅವರು 150 ಡಾಲರ್‌ಗೆ ಮಾರುತ್ತಿದ್ದರು. ದುಡ್ಡು ತಗೊಳ್ಳುವುದಕ್ಕೆ ಅವರ ತಕರಾರು ಇರಲೇ ಇಲ್ಲ.

1998ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರ್‌ನ ಕೋಡ್ ಬಿಡುವುದಾಗಿ ಹೇಳಿತು. ಕಂಪನಿಗಳಿಗೆ ‘ಫ್ರೀ’ ಅಂದರೆ ಅಂಜಿಕೆ, ಬೇರೆ ಹೆಸರು ಬೇಕು ಅಂತ ಕೆಲವರಿಗೆ ಅನ್ನಿಸಿತು. ಆ ವರ್ಷದ ಫೆಬ್ರವರಿಯಲ್ಲಿ ಅವರಲ್ಲೊಬ್ಬರಾದ ಕ್ರಿಸ್ಟಿನ್ ಪೀಟರ್ಸನ್ ‘ಓಪನ್ ಸೋರ್ಸ್’ ಎಂಬ ಹೆಸರು ಸೂಚಿಸಿದರು. ಅದೇ ತಿಂಗಳು ಓಪನ್ ಸೋರ್ಸ್ ಇನಿಷಿಯೇಟಿವ್ ಎಂಬ ಸಂಸ್ಥೆ ಹುಟ್ಟಿತು. ಡೆಬಿಯನ್ ಎಂಬ ಲಿನಕ್ಸ್ ಬಳಗದವರು ಮಾಡಿಕೊಂಡಿದ್ದ ನಿಯಮಗಳನ್ನೇ ತುಸು ಬದಲಿಸಿ ಹತ್ತು ಅಂಶಗಳ ವ್ಯಾಖ್ಯಾನ ಮಾಡಿದರು. ಹತ್ತಿರ ಹೋಗಿ ನೋಡಿದರೆ ಎರಡೂ ಹೆಸರಿನ ಕೆಳಗೆ ಬರುವ ಸಾಫ್ಟ್‌ವೇರ್ ಬಹುಪಾಲು ಒಂದೇ. ಬೇರೆಯಾಗಿದ್ದು ಮಾತಿನ ಧಾಟಿ. ಒಂದು ಕಡೆ ಬಳಸುವವರ ಹಕ್ಕಿನ ಮಾತು. ಇನ್ನೊಂದು ಕಡೆ ಹತ್ತು ಜನ ನೋಡಿದರೆ ತಪ್ಪು ಬೇಗ ಸಿಗುತ್ತದೆ, ಕೆಲಸ ಚೆನ್ನಾಗಿ ಆಗುತ್ತದೆ ಅನ್ನುವ ಮಾತು.

ನಮ್ಮ ಕಡೆ ಆದದ್ದೇ ಬೇರೆ, ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕನ್ನಡದಲ್ಲಿ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಇಂಗ್ಲಿಷಿನವರ ಕಷ್ಟ ನಮಗೆ ಬರಬಾರದಿತ್ತು. ಆದರೆ ‘ಫ್ರೀ’ ಅನ್ನುವ ಪದ ನಮ್ಮ ಬಾಯಿಗೆ ಬರುವಾಗ ಬಿಡುವು ಮತ್ತು ಪುಕ್ಕಟೆ ಎಂಬ ಎರಡೇ ಅರ್ಥ ಹೊತ್ತು ಬಂತು. ಸ್ವಾತಂತ್ರ್ಯದ ಅರ್ಥ ಆಚೆಯೇ ಉಳಿಯಿತು. ಮುಂದೆ ‘ಮುಕ್ತ ತಂತ್ರಾಂಶ’ ಅಂತ ಒಳ್ಳೆಯ ಪದ ಕಟ್ಟಿದರು. ಅದು ಫ್ರೀ ಸಾಫ್ಟ್‌ವೇರ್‌ಗೂ ಆಯಿತು, ಓಪನ್ ಸೋರ್ಸ್‌ಗೂ ಆಯಿತು.

ಅಂಗಡಿಯಲ್ಲಂತೂ ಈ ವ್ಯತ್ಯಾಸ ತಿಳಿಯುವ ಸಂದರ್ಭವೇ ಇರಲಿಲ್ಲ. ವಿಂಡೋಸ್, ಕೋರಲ್, ಪೇಜ್‌ಮೇಕರ್ ಎಲ್ಲ ಒಂದೇ ಸಿಡಿಯಲ್ಲಿ ಕಾಪಿಯಾಗಿ ಬರುತ್ತಿದ್ದವು. ಕನ್ನಡಕ್ಕೆ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಇತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇತ್ತು. ಎರಡೂ ದುಡ್ಡಿಲ್ಲದೆ ಸಿಗುತ್ತಿದ್ದವು. ಇವೆರಡು ಇಲ್ಲದಿದ್ದರೆ ನನ್ನಂಥ ನೂರಾರು ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ, ಆ ಋಣ ದೊಡ್ಡದು. ಆದರೆ ಕದ್ದ ಕೋರಲ್ಲು, ಪುಕ್ಕಟೆ ಬರಹ, ನಿಜವಾಗಿ ಮುಕ್ತವಾದ ಲಿನಕ್ಸ್, ಮೂರೂ ನಮ್ಮ ಕಣ್ಣಿಗೆ ಒಂದೇ ಆಗಿ ಕಂಡವು. ಯಾವುದಕ್ಕೂ ದುಡ್ಡಿಲ್ಲ, ಅಷ್ಟೇ.

ಪುಕ್ಕಟೆ ಸಿಕ್ಕರೆ ಸಾಲದು ಅಂತ ನನಗೆ ಗೊತ್ತಾಗಿದ್ದು, ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್ ಬಂದಾಗ. ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಅನ್ನುವುದು ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ, ತಲೆ ಮೇಲೆ ಗೀಟು ಹೊತ್ತ ಗುರುತುಗಳ ಸಾಲಾಗಿ ಕಾಣುತ್ತಿತ್ತು. ಒಂದು ಸ್ಮರಣ ಸಂಚಿಕೆಯ 200 ಪುಟ ಹಾಗೆ ನನ್ನ ಮುಂದೆ ಕೂತಿತ್ತು. ಕೊನೆಗೆ ಕೈ ಹಿಡಿದಿದ್ದು ಹಳೆಯ ಅಕ್ಷರವನ್ನು ಯುನಿಕೋಡಿಗೆ ಬದಲಿಸಲು ಉತ್ಸಾಹಿಗಳು ಬರೆದ ಒಂದು ಕನ್ವರ್ಟರ್. ಅದರ ಕೋಡ್ ತೆರೆದಿಟ್ಟಿದ್ದರು. ಕೆಲವು ಒತ್ತಕ್ಷರ ತಪ್ಪಾಗುತ್ತಿದ್ದವು. ನಮ್ಮೂರಿನ ಇಂಜಿನಿಯರಿಂಗ್ ಕಾಲೇಜಿನ ಒಬ್ಬ ಹುಡುಗ ಅಂಗಡಿಯಲ್ಲೇ ಕೂತು, ಎರಡು ಸಂಜೆಯಲ್ಲಿ ಅದನ್ನು ಸರಿ ಮಾಡಿದ. ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಗುಬ್ಬಿ, ನವಿಲು ಅಂತ ಮುಕ್ತ ಫಾಂಟುಗಳೂ ಇವೆ. ಅವುಗಳ ಅಕ್ಷರದ ಅಂಕುಡೊಂಕನ್ನು ಯಾರು ಬೇಕಾದರೂ ತಿದ್ದಬಹುದು.

2015ರಲ್ಲಿ ಕೇಂದ್ರ ಸರ್ಕಾರ ಕಚೇರಿಗಳಿಗಾಗಿ ಓಪನ್ ಸೋರ್ಸ್ ನೀತಿ ತಂದಿತು. ಅದರ ವ್ಯಾಖ್ಯಾನ ಸ್ಪಷ್ಟವಾಗಿಯೇ ಇದೆ: ಓದಲು, ತಿದ್ದಲು, ಹಂಚಲು ಬರಬೇಕು, ಕೋಡ್‌ಗೆ ರಾಯಲ್ಟಿ ಇರಬಾರದು. ಆದರೆ ನೀತಿ ಟೆಂಡರಿಗೆ, ಟೆಂಡರ್ ಕೊಟೇಶನ್‌ಗೆ ಇಳಿಯುವ ಹೊತ್ತಿಗೆ ‘ಓಪನ್ ಸೋರ್ಸ್’ ಒಂದು ಟಿಕ್ ಹಾಕುವ ಕಾಲಂ ಆಯಿತು. ಲಿನಕ್ಸ್ ಇದ್ದರೆ ಟಿಕ್, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಇದ್ದರೆ ಟಿಕ್. ಅದರ ಮೇಲೆ ಕಟ್ಟಿದ್ದು ಪೂರಾ ಬೀಗ ಹಾಕಿದ್ದಾದರೂ ಟಿಕ್.

ದೊಡ್ಡ ಕಂಪನಿಗಳ ಲೋಕದಲ್ಲಿ ಇನ್ನೊಂದು ಜಗಳ ಎದ್ದಿತ್ತು. ತಾವು ಬರೆದ ಕೋಡನ್ನೇ ದೊಡ್ಡ ಕ್ಲೌಡ್ ಕಂಪನಿಗಳು (ಇಂಟರ್ನೆಟ್ ಮೂಲಕ ಕಂಪ್ಯೂಟರ್ ಬಾಡಿಗೆ ಕೊಡುವವರು) ಸೇವೆಯಾಗಿ ಮಾರಿ ದುಡ್ಡು ಮಾಡುತ್ತವೆ ಅನ್ನುವುದು ಕೆಲವು ಸಾಫ್ಟ್‌ವೇರ್ ಕಂಪನಿಗಳ ಸಂಕಟ. 2018ರಲ್ಲಿ ಮೊಂಗೋಡಿಬಿ, 2021ರಲ್ಲಿ ಇಲಾಸ್ಟಿಕ್, 2023ರಲ್ಲಿ ಹ್ಯಾಶಿಕಾರ್ಪ್, 2024ರಲ್ಲಿ ರೆಡಿಸ್ ಎಂಬ ಕಂಪನಿಗಳು ತಮ್ಮ ಲೈಸೆನ್ಸ್ ಬದಲಿಸಿದವು. ಕೋಡ್ ಕಾಣುತ್ತದೆ, ಆದರೆ ಕೆಲವು ಉಪಯೋಗಕ್ಕೆ ಕಟ್ಟುಪಾಡು. ‘ಓಪನ್ ಫೈಲ್ ಕೊಡ್ತೀನಿ, ಬೇರೆ ಪ್ರೆಸ್‌ಗೆ ಕೊಡಬೇಡಿ’ ಅಂದ ಹಾಗೆ. ಅವರ ಸಂಕಟ ನಿಜ, ಬರೆದವರ ಹೊಟ್ಟೆಯೂ ತುಂಬಬೇಕಲ್ವಾ. ಆದರೂ ಅದಕ್ಕೆ ಬೇರೆ ಹೆಸರು ಇರಬೇಕಿತ್ತು ಅಂತ ನನಗನ್ನಿಸುತ್ತದೆ. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಮತ್ತೆ ಓಪನ್ ಸೋರ್ಸ್ ಲೈಸೆನ್ಸ್ ಸೇರಿಸಿಕೊಂಡವು.

ಈಗ ಎಐ ಬಂದಿದೆ. ಫೇಸ್‌ಬುಕ್‌ನ ಮೆಟಾ ಕಂಪನಿಯ ಲಾಮಾ ಎಂಬ ಎಐ ಮಾಡೆಲ್ಲನ್ನು ಓಪನ್ ಸೋರ್ಸ್ ಅನ್ನುತ್ತಾರೆ. ಆದರೆ ತಿಂಗಳಿಗೆ 70 ಕೋಟಿಗಿಂತ ಜಾಸ್ತಿ ಬಳಕೆದಾರರಿರುವವರು ಅದಕ್ಕೆ ಬೇರೆ ಅನುಮತಿ ಪಡೆಯಬೇಕು. ಅದನ್ನು ಯಾವ ಬರಹಗಳಿಂದ ಕಲಿಸಿದರು ಅನ್ನುವುದನ್ನೂ ಪೂರ್ತಿ ಬಿಟ್ಟಿಲ್ಲ. 2024ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಇನಿಷಿಯೇಟಿವ್ ಎಐಗೂ ಒಂದು ವ್ಯಾಖ್ಯಾನ ಕೊಟ್ಟಿತು. ಅದರ ಬಗ್ಗೆಯೂ ಒಮ್ಮತವಿಲ್ಲ.

ಸಂಘದ ಸಭೆಯಲ್ಲಿ ನಾವು ‘ಓಪನ್ ಸೋರ್ಸ್’ ಅನ್ನುವ ಪದವನ್ನೇ ಪಕ್ಕಕ್ಕಿಟ್ಟೆವು. ಮೂವರಿಗೂ ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದು ಕಳಿಸಿದೆವು. ಕೋಡ್ ನಮ್ಮ ಕೈಗೆ ಕೊಡುತ್ತೀರಾ? ನಾಳೆ ಬೇರೆಯವರ ಹತ್ತಿರ ತಿದ್ದಿಸಬಹುದಾ? ಪಕ್ಕದ ಸಂಘದವರು ಕೇಳಿದರೆ ಕೊಡಬಹುದಾ? ನಮ್ಮ ಲೆಕ್ಕ ಹೊರಗೆ ಹೋಗುವುದಿಲ್ಲ, ಕೋಡ್ ಬೇರೆ, ಸದಸ್ಯರ ಮಾಹಿತಿ ಬೇರೆ ಅಂತ ನಿರ್ದೇಶಕರಿಗೂ ಬಿಡಿಸಿ ಹೇಳಿದೆವು.

ಒಬ್ಬರು ಉತ್ತರ ಕೊಡಲಿಲ್ಲ. ಒಬ್ಬರು ಮೊದಲನೆಯದಕ್ಕೆ ಮಾತ್ರ ಹೂಂ ಅಂದರು. ಮೂರಕ್ಕೂ ಹೂಂ ಅಂದವರ ಬೆಲೆಯೇ ಎಲ್ಲರಿಗಿಂತ ಜಾಸ್ತಿ. ಕಾರ್ಯದರ್ಶಿಗಳು ಕೊಟೇಶನ್ ತಿರುಗಿಸಿ ನೋಡಿ, ‘ಇಷ್ಟು ದುಡ್ಡು ಕೊಟ್ಟರೂ ಇದು ಓಪನ್ ಸೋರ್ಸಾ?’ ಅಂತ ಕೇಳಿದರು. ನಾನು ಹೌದು ಅಂದೆ. ಗುಮಾಸ್ತೆ ಮೇಡಂ ನೋಟ್‌ಬುಕ್ ತೆರೆದು ಆ ಅರ್ಧ ಪರ್ಸೆಂಟಿನ ಪುಟ ತೋರಿಸಿ, ‘ಮೊದಲು ಇದನ್ನ ಸೇರಿಸೋಕೆ ಹೇಳಿ ಸಾರ್’ ಅಂದರು.