ಹಡಗಿನಲ್ಲಿ ಕೀಟೋ: ತಟ್ಟೆಗಿಂತ ಮೊದಲು ಮಾತ್ರೆ ನೋಡಿ

ಮಳೆಗಾಲ ಮುಗಿದು ಅರಬ್ಬಿ ಸಮುದ್ರ ಸ್ವಲ್ಪ ಶಾಂತವಾಗುತ್ತಿದ್ದಂತೆ ಮುಂಬೈ ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ಒಂದು ಪ್ರಶ್ನೆ ಬರತೊಡಗುತ್ತದೆ. "ಮೇಡಂ, ಬಲಾರ್ಡ್ ಪಿಯರ್‌ನಿಂದ ಗೋವಾಕ್ಕೆ ಕ್ರೂಸ್ ಬುಕ್ ಮಾಡಿದ್ದೇವೆ. ಮೂರು ಹೊತ್ತೂ ಬಫೆಯಂತೆ. ಕೀಟೋ ಕೆಡದ ಹಾಗೆ ಏನು ತಿನ್ನಲಿ?" ಹಿಂದಿನ ತಲೆಮಾರಿನವರು ಭಾವುಚಾ ಧಕ್ಕಾದಲ್ಲಿ ಸ್ಟೀಮರ್ ಹತ್ತಿ ಪಣಜಿಗೆ ಹೋಗುವಾಗ ಬುತ್ತಿ ಕಟ್ಟಿಕೊಳ್ಳುತ್ತಿದ್ದರು. ಈಗ ಊಟವೆಲ್ಲ ಟಿಕೆಟ್ಟಿನಲ್ಲೇ ಸೇರಿರುತ್ತದೆ, ಹಾಗಾಗಿ ಬುತ್ತಿಯ ಬದಲು ಚಿಂತೆ ಕಟ್ಟಿಕೊಂಡು ಹೋಗುತ್ತೇವೆ.

ಕೇಳಿದವರಿಗೆ ನಾನು ಮೆನು ಹೇಳುವುದಿಲ್ಲ. ದಿನಾ ನುಂಗುವ ಮಾತ್ರೆಗಳ ಹಾಳೆ ತೋರಿಸಿ ಎನ್ನುತ್ತೇನೆ. ಇವರು ಏನೋ ಸುತ್ತಿ ಬಳಸಿ ಮಾತಾಡುತ್ತಿದ್ದಾರೆ ಎಂಬ ಮುಖ ಮಾಡುವವರೇ ಹೆಚ್ಚು. ಆದರೂ ಅಲ್ಲಿಂದಲೇ ಶುರು ಮಾಡಬೇಕು.

ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಬೇಕು. ಕೀಟೋ ಎಂದರೆ ಹೆಚ್ಚಾಗಿ ಕೊಬ್ಬಿನ ಊಟ, ದಿನಕ್ಕೆ ಸುಮಾರು 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್ (ಕಾರ್ಬ್, ಅಂದರೆ ಅನ್ನ-ಚಪಾತಿಯ ಪಿಷ್ಟ, ಸಕ್ಕರೆ), ಅಷ್ಟೇ. ಒಂದು ಬಟ್ಟಲು ಅನ್ನ, ಅಂದಾಜು 150 ಗ್ರಾಂ ಬೆಂದದ್ದು, ಒಂದೇ 40 ಗ್ರಾಂ ದಾಟುತ್ತದೆ. ಲೋ-ಕಾರ್ಬ್ ಎಂಬುದು ಸಡಿಲ ಪಥ್ಯ, ದಿನಕ್ಕೆ 130 ಗ್ರಾಂ ಒಳಗೆ ಇದ್ದರೆ ಆ ಹೆಸರು ಸಲ್ಲುತ್ತದೆ. ಕೀಟೋಜೆನಿಕ್ ಪಥ್ಯ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಅಪಸ್ಮಾರದ ಚಿಕಿತ್ಸೆಗೆಂದು ರೂಪುಗೊಂಡದ್ದು. ಇವತ್ತಿಗೂ ಮಕ್ಕಳಿಗೆ ಅದನ್ನು ಕೊಡುವಾಗ ಪ್ರತಿ ತುತ್ತನ್ನೂ ತೂಗಿ, ವೈದ್ಯರ ಕಣ್ಗಾವಲಿನಲ್ಲೇ ಕೊಡುತ್ತಾರೆ. ಅದನ್ನು ಬಫೆಯ ಸೌಟಿನ ಅಂದಾಜಿನಲ್ಲಿ, ಅಲೆಯ ಮೇಲೆ ಮಾಡಲು ಹೊರಡುವುದು ನನಗೆ ಒಪ್ಪಿಗೆಯಿಲ್ಲ. ಮೂರು ನಾಲ್ಕು ದಿನದ ಹಡಗು ಪ್ರಯಾಣಕ್ಕೆ ಕೀಟೋದಿಂದ ಲೋ-ಕಾರ್ಬ್‌ಗೆ ಇಳಿದುಕೊಳ್ಳಿ. ಕಾರಣ ಮಾತ್ರೆಯ ಹಾಳೆಯಲ್ಲಿದೆ.

ಆ ಹಾಳೆಯಲ್ಲಿ ನಾನು ಹುಡುಕುವುದು 'ಗ್ಲಿಫ್ಲೋಜಿನ್' ಎಂದು ಕೊನೆಗೊಳ್ಳುವ ಹೆಸರನ್ನು: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್. ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ನಮ್ಮಲ್ಲಿ 2020ರಲ್ಲೂ ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲೂ ಮುಗಿದ ಮೇಲೆ ಇವುಗಳ ಬೆಲೆ ಇಳಿದು, ಈಗ ಮಧುಮೇಹಿಗಳ ಮನೆಮನೆಯಲ್ಲೂ ಸಿಗುತ್ತವೆ. ಹೃದಯ ಮತ್ತು ಕಿಡ್ನಿಯ ತೊಂದರೆಗೂ ಬರೆಯುತ್ತಾರೆ, ಶುಗರ್ ಇಲ್ಲದವರಿಗೂ ಕೊಡುವುದುಂಟು. ಒಳ್ಳೆಯ ಔಷಧಿ, ನನ್ನ ತಕರಾರು ಔಷಧಿಯ ಮೇಲಲ್ಲ. ಇದು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತದೆ. ಆಗ ಇನ್ಸುಲಿನ್ ಮಟ್ಟ ಇಳಿದು, ದೇಹ ಕೊಬ್ಬು ಸುಡುವ ಕಡೆಗೆ ವಾಲಿ, ಆ ಕೊಬ್ಬಿನಿಂದ ಹುಟ್ಟುವ ಆಮ್ಲೀಯ ಕೀಟೋನ್ ಹೆಚ್ಚಾಗುತ್ತದೆ. ಕೀಟೋ ಊಟವೂ ಮಾಡುವುದು ಅದನ್ನೇ. ಎರಡೂ ಒಂದೇ ದಿಕ್ಕಿಗೆ ತಳ್ಳುವಾಗ ಮೂರನೆಯದೊಂದು ಸೇರಿದರೆ, ಅಂದರೆ ವಾಂತಿ, ಉಪವಾಸ, ನೀರಿನ ಕೊರತೆ ಅಥವಾ ಅತಿಯಾದ ಮದ್ಯ, ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್‌ಗೆ ದಾರಿಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಮೋಸ ಮಾಡುವುದು ಗ್ಲೂಕೋಮೀಟರ್. ಸಾಮಾನ್ಯ ಕೀಟೋಅಸಿಡೋಸಿಸ್‌ನಲ್ಲಿ ಶುಗರ್ 300, 400 ಎಂದು ಏರಿ ಎಲ್ಲರನ್ನೂ ಎಬ್ಬಿಸುತ್ತದೆ. ಈ ಮಾತ್ರೆ ತಿನ್ನುವವರಲ್ಲಿ 200ರ ಒಳಗೇ ಇರಬಹುದು. ಲಕ್ಷಣಗಳೋ: ಹೊಟ್ಟೆ ತೊಳಸುವುದು, ವಾಂತಿ, ಹೊಟ್ಟೆನೋವು, ತಡೆಯಲಾಗದ ಸುಸ್ತು. ರತ್ನಗಿರಿ ದಾಟಿದ ಹಡಗಿನಲ್ಲಿ ಇದನ್ನು ನೋಡಿದ ಹೆಂಡತಿ ಏನೆನ್ನುತ್ತಾಳೆ? "ಸಮುದ್ರದ ಗಾಳಿ ಒಗ್ಗಲಿಲ್ಲ, ನಿಂಬೆಹಣ್ಣು ಮೂಸಿ ಮಲಗಿ." ಶುಗರ್ 160 ಇದೆ ಎಂದು ಗಂಡನೂ ಧೈರ್ಯವಾಗಿ ಮಲಗುತ್ತಾನೆ. ಕಡಲ ಕಾಯಿಲೆಯ ವಾಂತಿ ಅಲೆ ತಗ್ಗಿದಾಗ ಅಥವಾ ನೆಲ ಮುಟ್ಟಿದಾಗ ತಗ್ಗುತ್ತದೆ. ಕೀಟೋಅಸಿಡೋಸಿಸ್‌ನದು ತಗ್ಗುವುದಿಲ್ಲ, ಜೊತೆಗೆ ಉಸಿರು ಆಳವಾಗಿ, ಜೋರಾಗಿ ಬರತೊಡಗುತ್ತದೆ. ಮೂತ್ರದ ಕೀಟೋನ್ ಪಟ್ಟಿಯೂ ಇಲ್ಲಿ ಬಿಡಿಸಿ ಹೇಳದು, ಕೀಟೋ ಮಾಡುವವರಿಗೆ ಅದು ಹೇಗಿದ್ದರೂ ಬಣ್ಣ ತೋರಿಸುತ್ತದೆ. ರಕ್ತದ ಕೀಟೋನ್ ಅಳೆಯುವ ಮೀಟರ್ ಇದ್ದರೆ, ಬರೀ ಪಥ್ಯದಿಂದ ಕೀಟೋನ್ ಏರಿದಾಗ (ಕೀಟೋಸಿಸ್) ಅದು 0.5ರಿಂದ 3ರ ನಡುವೆ ಇರುತ್ತದೆ. 3 ದಾಟಿದರೆ ತಡಮಾಡಬಾರದು.

ಹಡಗಿನಲ್ಲಿ ವೈದ್ಯರು ಇರುತ್ತಾರೆ. ಅವರಿಗೆ ಎರಡೇ ಸಂಗತಿ ಹೇಳಿ: ಮಾತ್ರೆಯ ಹೆಸರು, ಮತ್ತು ಕಾರ್ಬ್ ಬಿಟ್ಟ ಊಟ ಮಾಡುತ್ತಿದ್ದೀರಿ ಎಂಬುದು. ಇವೆರಡನ್ನು ಹೇಳದಿದ್ದರೆ ಎಷ್ಟೇ ಜಾಣ ವೈದ್ಯರಿಗೂ ಅದು ದಿನದ ಇಪ್ಪತ್ತನೇ ಕಡಲ ಕಾಯಿಲೆಯಂತೆಯೇ ಕಾಣುತ್ತದೆ. ಇನ್ನೂ ಒಳ್ಳೆಯದೆಂದರೆ ಹೊರಡುವ ವಾರ ಮೊದಲೇ ನಿಮ್ಮ ಡಾಕ್ಟರರನ್ನು ಕೇಳಿ, 'ವಾಂತಿಯಾದರೆ, ಊಟ ಸೇರದಿದ್ದರೆ ಈ ಮಾತ್ರೆ ನಿಲ್ಲಿಸಬೇಕೇ?' ಎಂಬುದನ್ನು ಬರೆಸಿಕೊಂಡಿರುವುದು. ಹೊಟ್ಟೆಗೆ ಏನೂ ನಿಲ್ಲದ ದಿನ ಇವನ್ನು ನಿಲ್ಲಿಸಬೇಕು ಎಂಬುದೇ ಸಾಮಾನ್ಯ ಸಲಹೆ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಅದನ್ನು ತಾವಾಗಿಯೇ ಪೂರ್ತಿ ನಿಲ್ಲಿಸಬಾರದು.

ಶುಗರ್ ಇಳಿಸುವ ಇನ್ನೊಂದು ಬಗೆಯ ಮಾತ್ರೆಗಳಾದ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತಿನ್ನುವವರ ಕಥೆ ಬೇರೆ. ಅನ್ನ-ಚಪಾತಿಗೆ ಲೆಕ್ಕ ಹಾಕಿ ಬರೆದ ಡೋಸ್ ಅದು. ಅನ್ನ ಬಿಟ್ಟು ಮಾತ್ರೆ ಮುಂದುವರಿಸಿದರೆ ಶುಗರ್ ಕುಸಿಯುತ್ತದೆ, ರಾತ್ರಿ ಡೆಕ್ಕಿನ ಮೇಲೆ ಎರಡು ಪೆಗ್ ಸೇರಿದರೆ ಇನ್ನಷ್ಟು. ಕೈ ನಡುಗಿ, ಬೆವತು, ಮಾತು ತೊದಲಿದರೆ ಸುತ್ತಲಿನವರಿಗೆ ಕುಡಿದದ್ದು ಹೆಚ್ಚಾಯಿತು ಎಂದೇ ಅನಿಸುತ್ತದೆ. ಆಗ ಕೀಟೋ ಗೀಟೋ ನೋಡದೆ ಮೂರ್ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು.

ಈ ಯಾವ ಮಾತ್ರೆಯೂ ಇಲ್ಲದವರು ನಿರಾಳವಾಗಿ ಮುಂದೆ ಓದಬಹುದು. ಅವರಿಗೆ ನನ್ನದು ಒಂದೇ ಕಟ್ಟುನಿಟ್ಟು: ಫೋಟೋದಲ್ಲಿ ಹೊಟ್ಟೆ ಕಾಣಬಾರದೆಂದು ಹಡಗು ಹತ್ತುವ ಹತ್ತು ದಿನ ಮುಂಚೆ ಕೀಟೋ ಶುರು ಮಾಡಬೇಡಿ. ಮೊದಲ ವಾರಗಳಲ್ಲಿ ಇನ್ಸುಲಿನ್ ಇಳಿದಂತೆ ಕಿಡ್ನಿ ಉಪ್ಪನ್ನೂ ನೀರನ್ನೂ ಹೆಚ್ಚು ಹೊರಹಾಕುತ್ತದೆ, ಅದರಿಂದಲೇ ತಲೆನೋವು, ತಲೆಸುತ್ತು. ಅದರ ಮೇಲೆ ಡೆಕ್ಕಿನ ಬಿಸಿಲು, ಬೆವರು, ತೂಗಾಟ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ಎದ್ದು ನಿಂತಾಗ ಕಣ್ಣು ಕತ್ತಲಿಡುತ್ತದೆ. ಕಡಲ ಕಾಯಿಲೆಗೆ ಖಾಲಿ ಹೊಟ್ಟೆಯೂ ಆಗದು, ಜಿಡ್ಡು ತುಂಬಿದ ಹೊಟ್ಟೆಯೂ ಆಗದು. ಕೀಟೋದವರು ಈ ಎರಡರ ನಡುವೆಯೇ ಓಡಾಡುತ್ತಾರೆ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಬಿಡುವ ಮೊದಲೇ ತೆಗೆದುಕೊಂಡರೆ ಉಪಯೋಗ. ಅದರ ಮೇಲೆ ಮದ್ಯ ಬೇಡ, ಮಂಪರು ಏರುತ್ತದೆ. ವಾಂತಿ ಆದರೆ ಓಆರ್‌ಎಸ್ ಕುಡಿಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಕರುಳು ಉಪ್ಪನ್ನು ಹೀರಿಕೊಳ್ಳಲು ಅದು ಬೇಕೇ ಬೇಕು. 'ಶುಗರ್‌ಲೆಸ್' ಹುಡುಕಬೇಡಿ. ಬಣ್ಣದ ಡಬ್ಬಿಯ ಹಣ್ಣಿನ ರುಚಿಯ ಪಾನೀಯವಂತೂ ಓಆರ್‌ಎಸ್ ಅಲ್ಲವೇ ಅಲ್ಲ. ಅವುಗಳ ಮೇಲೆ ಆ ಹೆಸರು ಹಾಕಬಾರದೆಂದು 2025ರ ಅಕ್ಟೋಬರ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಬೇಕಾಗಿ ಬಂತು.

ಈಗ ಬಫೆ. ಈ ವಿಷಯದಲ್ಲಿ ನನಗೆ ಪಾಠ ಹೇಳಿದವರು ಮುಂಬೈ ಪಕ್ಕದ ಠಾಣೆ ನಗರದಲ್ಲಿ ಹೋಟೆಲ್ ನಡೆಸುವ ನಮ್ಮ ಕಡೆಯ ಶೆಟ್ಟರೊಬ್ಬರು, ಶುಗರ್‌ಗೆಂದು ನನ್ನಲ್ಲಿಗೆ ಬರುವವರು. "ಮೇಡಂ, ಎರಡು ಗಂಟೆ ಬಿಸಿಯ ಮೇಲೆ ಕೂತರೂ ಒಡೆಯದ ಗ್ರೇವಿ ಇದ್ದರೆ ಅದರಲ್ಲಿ ಏನೋ ಸೇರಿದೆ ಅಂತಲೇ ಲೆಕ್ಕ. ಗೋಡಂಬಿ ಆದರೆ ನಿಮ್ಮ ಪುಣ್ಯ, ಕಾರ್ನ್‌ಫ್ಲೋರ್ ಆದರೆ ನಮ್ಮ ಪುಣ್ಯ." ಸೂಪು, ಮಂಚೂರಿ, ವೈಟ್ ಸಾಸ್, ಎಲ್ಲದಕ್ಕೂ ಇದೇ ಮಾತು. ಪನೀರ್ ಟಿಕ್ಕಾಕ್ಕೆ ಕಡಲೆಹಿಟ್ಟು ಬಳಿದಿರುತ್ತಾರೆ, ಪರವಾಗಿಲ್ಲ, ಅದು ಸ್ವಲ್ಪವೇ. ಕೋಲ್‌ಸ್ಲಾ ಮತ್ತು ಸಲಾಡಿನ ಡ್ರೆಸ್ಸಿಂಗ್‌ನಲ್ಲಿ ಸಕ್ಕರೆ ಅಡಗಿರುತ್ತದೆ, ನಿಂಬೆರಸ, ಉಪ್ಪು, ಎಣ್ಣೆ ಕೇಳಿ. ಉಡುಪಿ ಶೈಲಿಯ ಸಾಂಬಾರಿನಲ್ಲಿ ಬೆಲ್ಲ ಇದ್ದೇ ಇರುತ್ತದೆ, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಂಬಾರಿನ ಅರ್ಧ ಚಮಚ ಬೆಲ್ಲಕ್ಕೆ ಹೆದರಿ, ಆಮೇಲೆ 'ಫ್ರೆಶ್' ಎಂದು ಒಂದು ಲೋಟ ಕಿತ್ತಳೆ ಜ್ಯೂಸ್ ಕುಡಿಯುವವರನ್ನು ನೋಡಿದ್ದೇನೆ. ಆ 200 ಮಿಲಿಯಲ್ಲಿ ಹತ್ತಿರಹತ್ತಿರ 20 ಗ್ರಾಂ ಸಕ್ಕರೆ.

ಬೆಳಗಿನ ಆಮ್ಲೆಟ್ ಕೌಂಟರ್ ನಿಮ್ಮ ಜಾಗ. ಮಧ್ಯಾಹ್ನಕ್ಕೆ ತಂದೂರಿಯಿಂದ ಬಂದದ್ದು, ಸೊಪ್ಪು-ತರಕಾರಿ ಪಲ್ಯ, ಮೊಸರು. ತಟ್ಟೆ ಹಿಡಿಯುವ ಮೊದಲು ಕೈ ಬೀಸಿಕೊಂಡು ಒಂದು ಸುತ್ತು ಹಾಕಿ, ಆಮೇಲೆ ಬಡಿಸಿಕೊಳ್ಳಿ. ಜೊತೆಗೆ ದಿನಕ್ಕೆ ಒಂದು ಹೊತ್ತು ಕಾರ್ಬ್ ತಿನ್ನುವುದೆಂದು ಮೊದಲೇ ನಿರ್ಧರಿಸಿಬಿಡಿ: ಒಂದು ಚಪಾತಿ, ಅಥವಾ ಅರ್ಧ ಬಟ್ಟಲು ಅನ್ನ, ಅಥವಾ ನಿಜಕ್ಕೂ ಇಷ್ಟವಾದ ಒಂದು ಸಿಹಿ. ಲೋ-ಕಾರ್ಬ್‌ನಲ್ಲಿ ಅದಕ್ಕೆ ಧಾರಾಳ ಜಾಗವಿದೆ. ಕೀಟೋದಲ್ಲಿ ಇಲ್ಲ, ಆದ್ದರಿಂದಲೇ ಎರಡನೇ ರಾತ್ರಿ ಕೀಟೋ ಮುರಿಯುತ್ತದೆ, ಮುರಿದ ಮೇಲೆ 'ಹೇಗೂ ಹೋಯಿತಲ್ಲ' ಎಂದು ಗುಲಾಬ್ ಜಾಮೂನಿನ ಪಾತ್ರೆಯ ಬಳಿಯೇ ಬಿಡಾರ ಹೂಡುತ್ತಾರೆ.

ಶುದ್ಧ ಸಸ್ಯಾಹಾರಿಗಳಿಗೆ, ಅದರಲ್ಲೂ ಮೊಟ್ಟೆ ಮುಟ್ಟದವರಿಗೆ, ನಾನು ಕೀಟೋ ಬೇಡವೆಂದೇ ಹೇಳುತ್ತೇನೆ. ಮೂರು ದಿನ ಪನೀರ್, ಚೀಸ್, ಮತ್ತೆ ಪನೀರ್. ಮೂರನೇ ದಿನಕ್ಕೆ ಮಲಬದ್ಧತೆ, ಕ್ಯಾಬಿನ್ನಿನ ಪುಟ್ಟ ಟಾಯ್ಲೆಟ್ಟಿನಲ್ಲಿ ಅರ್ಧ ರಜೆ ಕಳೆಯುತ್ತದೆ. ಇಸಬ್‌ಗೋಲ್ ಇಟ್ಟುಕೊಳ್ಳಿ, ಅದರ ಮೇಲೆ ಎರಡು ಲೋಟ ನೀರು ಕುಡಿಯಿರಿ. ಬೇಳೆ-ಕಾಳು ಬಿಡಬೇಡಿ. ಅದರಲ್ಲಿ ಕಾರ್ಬ್ ಇದೆ, ನಿಜ, ಆದರೆ ಪ್ರೋಟೀನೂ ನಾರೂ ಅದರೊಡನೆಯೇ ಬರುತ್ತವೆ. ನಮ್ಮ ಬಿಜಾಪುರ, ಧಾರವಾಡ ಕಡೆಯವರ ಕೈಯಲ್ಲಿ ಒಂದು ಒಳ್ಳೆಯ ಅಸ್ತ್ರವಿದೆ: ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ. ಅಗಸೆ ಬೀಜದಲ್ಲಿರುವ ಕಾರ್ಬ್‌ನ ಬಹುಪಾಲು ನಾರೇ. ಮೊಸರಿಗೆ ಎರಡು ಚಮಚ ಕಲಸಿದರೆ ಬಫೆಯ ಬೆಂದ ತರಕಾರಿಗೂ ಜೀವ ಬರುತ್ತದೆ. ಏಕಾದಶಿ ಬಂದರೆ ಮಾತ್ರ ಸಾಬೂದಾಣಾ ಖಿಚಡಿಯತ್ತ ಹೋಗಬೇಡಿ, ಸಾಬಕ್ಕಿ ಎಂದರೆ ಬರೀ ಪಿಷ್ಟ. ಮನೆಯಲ್ಲಿ ಮಾಡಿದ ತಿಂಡಿ ಒಯ್ಯಲು ಸಾಮಾನ್ಯವಾಗಿ ಹಡಗಿನವರು ಬಿಡುವುದಿಲ್ಲ. ಅಂಗಡಿಯಲ್ಲಿ ಸೀಲ್ ಆದ ಚಟ್ನಿಪುಡಿ, ಹುರಿದ ಶೇಂಗಾ, ಬಾದಾಮಿಗೆ ಅವಕಾಶವಿದೆಯೇ ಎಂದು ಟಿಕೆಟ್ಟಿನ ನಿಯಮ ಓದಿಕೊಳ್ಳಿ. ಕೆಟಲ್, ಇಂಡಕ್ಷನ್ ಒಲೆ ಒಯ್ಯುವ ಯೋಚನೆಯಂತೂ ಬೇಡ, ಬೆಂಕಿಯ ಭಯಕ್ಕೆ ಗೇಟಿನಲ್ಲೇ ತೆಗೆದಿಡುತ್ತಾರೆ. ಜೈನ ಊಟ ಸಿಗುವಲ್ಲಿ ವಿಶೇಷ ಪಥ್ಯ ಕೇಳುವುದು ಅವರಿಗೆ ಹೊಸತಲ್ಲ, ಬುಕ್ ಮಾಡುವಾಗಲೇ ಬರೆದು ಕೊಡಿ.

ಗೋವಾದ ಮೊರ್ಮುಗಾವ್ ಬಂದರಿನಲ್ಲಿ ಇಳಿದ ದಿನ ನನ್ನ ಮಂಗಳೂರು ಕಡೆಯ ರೋಗಿಗಳಿಗೆ ಏನೂ ಹೇಳಿಕೊಡಬೇಕಿಲ್ಲ. ಮೀನು ಅವರ ಕ್ಷೇತ್ರ. ಬಂಗುಡೆಯೋ ಅಂಜಲೋ, ರವಾ ಫ್ರೈ ಬದಲು ಬರೀ ಮಸಾಲೆ ಹಚ್ಚಿ ತವಾದಲ್ಲಿ ಕಾಯಿಸಿದ್ದು ಕೇಳಿದರೆ ಸಾಕು. ಗೋವಾದ ಕೆಂಪು ರೆಚಾಡೊ ಮಸಾಲೆಗೆ ಚಿಟಿಕೆ ಸಕ್ಕರೆ ಬೀಳುವುದುಂಟು, ಬೀಳಲಿ. ಅಲ್ಲಿಯ ಕೋಳಿ ಖಾದ್ಯಗಳಾದ ಶಕುತಿ, ಕಾಫ್ರಿಯಲ್ ಎರಡೂ ಒಳ್ಳೆಯದೇ, ಶಕುತಿಯ ತೆಂಗಿನಕಾಯಿ ನಮ್ಮ ಶತ್ರುವಲ್ಲ. ಫಿಶ್ ಕರಿ ರೈಸ್‌ನಲ್ಲಿ ತೊಂದರೆ ಇರುವುದು ಮೂರನೇ ಪದದಲ್ಲಿ. ಕೋಕಂ, ತೆಂಗಿನಹಾಲಿನ ಸೋಲ್ ಕಡಿ ಎಷ್ಟು ಬೇಕಾದರೂ ಕುಡಿಯಿರಿ, ಸಕ್ಕರೆ ಹಾಕಿದ ಕೋಕಂ ಶರಬತ್ತು ಬೇಡ. ಬೆಬಿಂಕಾ ಮೈದಾ, ಸಕ್ಕರೆ, ತೆಂಗಿನಹಾಲು, ಮೊಟ್ಟೆಯ ಹಳದಿಯನ್ನು ಪದರ ಪದರವಾಗಿ ಬೇಯಿಸಿದ್ದು. ನಿಮ್ಮ ಒಂದು ಹೊತ್ತಿನ ಕಾರ್ಬ್ ಇದಕ್ಕೇ ಖರ್ಚು ಮಾಡಿ ಎಂದು ನಾನೇ ಶಿಫಾರಸು ಮಾಡುತ್ತೇನೆ. ಫೆನಿಯಲ್ಲಿ ಕಾರ್ಬ್ ಇಲ್ಲ, ವಿಸ್ಕಿಯಲ್ಲೂ ಇಲ್ಲ, ಆದರೆ ಬೆರೆಸುವ ಕೋಲಾದ ಒಂದು ಕ್ಯಾನಿನಲ್ಲಿ 30 ಗ್ರಾಂ ಮೀರಿ ಸಕ್ಕರೆ ಇದೆ. ಬಿಯರ್‌ನ ಸಣ್ಣ ಬಾಟಲಿಗೆ ಹತ್ತು ಹನ್ನೆರಡು ಗ್ರಾಂ ಕಾರ್ಬ್. ಕೀಟೋದಲ್ಲಿರುವವರಿಗೆ ಅಷ್ಟೇ ಮದ್ಯ ಬೇಗ ಏರುತ್ತದೆ ಎಂಬುದೂ ಗೊತ್ತಿರಲಿ.

ಮರಳಿ ಬಂದ ಮರುದಿನ ತೂಕದ ಯಂತ್ರ ಹತ್ತಿ ಎರಡು ಕೆಜಿ ಏರಿದೆ ಎಂದು ನನಗೆ ಫೋನ್ ಮಾಡಬೇಡಿ. ದೇಹ ಕಾರ್ಬ್‌ನಿಂದ ಮಾಡಿ ಕೂಡಿಡುವ ದಾಸ್ತಾನಾದ ಗ್ಲೈಕೋಜನ್‌ನ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಳ್ಳುತ್ತದೆ. ಕೀಟೋದ ಮೊದಲ ವಾರ ಇಳಿದದ್ದೂ ಹೆಚ್ಚಾಗಿ ಈ ನೀರೇ, ಈಗ ಏರಿದ್ದೂ ಅದೇ. ಒಂದು ವಾರ ಮನೆಯ ಊಟ ಮಾಡಿ, ಆಮೇಲೆ ತೂಗಿ. ವಾಂತಿಯಿಂದಾಗಿ ಗ್ಲಿಫ್ಲೋಜಿನ್ ಮಾತ್ರೆ ನಿಲ್ಲಿಸಿದ್ದವರು ಮಾತ್ರ ಫೋನ್ ಮಾಡಬೇಕು, ನನಗಲ್ಲ, ಅದನ್ನು ಬರೆದುಕೊಟ್ಟ ಡಾಕ್ಟರರಿಗೆ. ಊಟ-ನೀರು ಎಂದಿನಂತೆ ಸೇರಿ ಒಂದೆರಡು ದಿನ ಕಳೆದ ಮೇಲೆ, ಅವರು ಹೇಳಿದ ದಿನದಿಂದಲೇ ಮತ್ತೆ ಶುರು ಮಾಡಿ. ಅವರನ್ನು ಕೇಳದೆ ಕೀಟೋ ಕೂಡ ಬೇಡ.