ಬೆವರುವ ಉಪ್ಪು, ಒಣಗದ ಬನಿಯನ್ನು

ನಮ್ಮ ಪಕ್ಕದ ಮನೆಯವರು ಹಜಾರದ ಮೂಲೆಯಲ್ಲೊಂದು ಗಾಜಿನ ಬಟ್ಟಲಿಟ್ಟು ಅದರ ತುಂಬ ಕಲ್ಲುಪ್ಪು ಹಾಕಿದ್ದಾರೆ. ಮನೆಯೊಳಗಿನ ನಕಾರಾತ್ಮಕ ಶಕ್ತಿಯನ್ನು ಅದು ಹೀರಿಕೊಳ್ಳುತ್ತದಂತೆ. ಹೀರಿದ್ದಕ್ಕೆ ಸಾಕ್ಷಿ ಏನೆಂದರೆ ಉಪ್ಪು ನೀರಾಗುವುದು. ಆರಿದ್ರಾ ಮಳೆ ಹಿಡಿದು ನಾಲ್ಕು ದಿನವಾಗಿರಲಿಲ್ಲ, ಬಟ್ಟಲಲ್ಲಿ ನೀರು ನಿಂತಿತ್ತು. ಮೂಡಿಗೆರೆಯ ಮಳೆಗಾಲದಲ್ಲಿ ಉಪ್ಪು ನೀರಾಗದೆ ಇನ್ನೇನಾಗಬೇಕು? ಅವರ ಲೆಕ್ಕವನ್ನೇ ಹಿಡಿದು ಹೋದರೆ ಜಗತ್ತಿನಲ್ಲಿ ಅತಿ ಹೆಚ್ಚು ಕೆಟ್ಟ ಶಕ್ತಿ ತುಂಬಿರುವ ಜಾಗ ಸಾಗರ ದಾಟುವ ಹಾಯಿದೋಣಿಯೇ ಇರಬೇಕು.

ಇದು ಹೊಳೆದದ್ದು ನನ್ನ ತಂಗಿಯ ಮಗನಿಂದ. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್ನಿಗೆ, ಸುಮಾರು 2,700 ನಾಟಿಕಲ್ ಮೈಲಿ, ಮೂರು ವಾರ ಹಾಯಿದೋಣಿಯಲ್ಲಿ ಹೋಗಿ ಬಂದವನು. ತಿಮಿಂಗಿಲ, ಬಿರುಗಾಳಿ ಅಂತೆಲ್ಲ ಏನಾದರೂ ಹೇಳುತ್ತಾನೆಂದು ಕಾಫಿ ಕೊಟ್ಟು ಕೂರಿಸಿಕೊಂಡರೆ ಅವನು ಹೇಳಿದ್ದೆಲ್ಲ ಒದ್ದೆ ಬನಿಯನ್ನಿನ ಕಥೆ! ಮೂರು ಗಂಟೆ ಕಾವಲು, ಆಮೇಲೆ ಸಿಕ್ಕಷ್ಟು ನಿದ್ದೆ, ಮತ್ತೆ ಕಾವಲು. ದೋಣಿ ವಾಲಿದರೂ ಪಾತ್ರೆ ವಾಲದಂತೆ ತೊಟ್ಟಿಲಿನ ಹಾಗೆ ತೂಗುವ ಒಲೆ. ಅನ್ನಕ್ಕೆ ಒಂದು ಪಾಲು ಸಮುದ್ರದ ನೀರು ಬೆರೆಸಿದರೆ ಉಪ್ಪು ಹಾಕುವ ಕೆಲಸವೇ ಇಲ್ಲ. ಸಿಹಿನೀರು ಕುಡಿಯಲಿಕ್ಕೆ ಮಾತ್ರ. ಪಾತ್ರೆ, ಬಟ್ಟೆ, ಸ್ನಾನ ಎಲ್ಲಕ್ಕೂ ಬಕೀಟಿಗೆ ಹಗ್ಗ ಕಟ್ಟಿ ಸಮುದ್ರದಿಂದ ಎತ್ತಿದ ನೀರು. ಹಾಗೆ ಒಗೆದ ಬನಿಯನ್ನು ಮಧ್ಯಾಹ್ನದ ಬಿಸಿಲಿಗೆ ಹಪ್ಪಳದ ಹಾಗೆ ಗರಿಗರಿಯಾಗುತ್ತಿತ್ತು. ರಾತ್ರಿ ಕಾವಲಿಗೆ ಎದ್ದು ಹಾಕಿಕೊಂಡರೆ ಒದ್ದೆ. ಮಳೆ ಬಂದಿಲ್ಲ, ಅಲೆ ಹಾರಿಲ್ಲ, ಆದರೂ ಒದ್ದೆ.

ಗಾಳಿಯಲ್ಲಿರುವ ನೀರಿನ ಅಣುಗಳು ಸಿಕ್ಕಿದ್ದರ ಮೇಲೆಲ್ಲ ಸದಾ ಕೂರುತ್ತವೆ, ಸದಾ ಏಳುತ್ತವೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಹಾಗೆ. ಕೂರುವವರೂ ಏಳುವವರೂ ಸರಿಸಮವಾದರೆ ಬೆಂಚು ತುಂಬುವುದಿಲ್ಲ. ತಟ್ಟೆಯಲ್ಲಿಟ್ಟ ಬರೀ ನೀರಿಗೆ ಈ ಲೆಕ್ಕ ಸರಿಹೋಗಬೇಕಾದರೆ ಗಾಳಿಯ ಸಾಪೇಕ್ಷ ತೇವ, ಅಂದರೆ ಆ ಬಿಸಿಗೆ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಈಗಿರುವ ಪಾಲು, ಶೇ 100 ಮುಟ್ಟಬೇಕು. ಉಪ್ಪಿನ ಸಂಗತಿ ಬೇರೆ. ಅದು ಬಂದವರನ್ನೆಲ್ಲ ‘ಊಟ ಮಾಡ್ಕೊಂಡೇ ಹೋಗಿ’ ಎಂದು ಹಿಡಿದು ಕೂರಿಸುವ ಮಲೆನಾಡಿನ ನೆಂಟರ ಮನೆ. ಉಪ್ಪಿನೊಳಗಿನ ಸೋಡಿಯಂ ಅಯಾನು (ವಿದ್ಯುದಂಶ ಹೊತ್ತ ಕಣ) ನೀರಿನ ಅಣುವನ್ನು ಆಮ್ಲಜನಕದ ಕಡೆಯಿಂದ ಹಿಡಿಯುತ್ತದೆ, ಕ್ಲೋರೈಡ್ ಅಯಾನು ಜಲಜನಕದ ಕಡೆಯಿಂದ. ಒಬ್ಬರು ಕೈ ಹಿಡಿದು, ಇನ್ನೊಬ್ಬರು ಚಪ್ಪಲಿ ಬಚ್ಚಿಟ್ಟರೆ ನೆಂಟರು ಏಳುವುದಾದರೂ ಹೇಗೆ? ಅದಕ್ಕೇ ಗಾಳಿಯ ತೇವ ಶೇ 75 ದಾಟುತ್ತಿದ್ದ ಹಾಗೆ ಬರುವವರ ಸಂಖ್ಯೆ ಹೋಗುವವರನ್ನು ಮೀರಿಸುತ್ತದೆ. ಇಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೊಂದಿದೆ. ಉಪ್ಪು ಸ್ವಲ್ಪ ಸ್ವಲ್ಪವೇ ಒದ್ದೆಯಾಗುವುದಿಲ್ಲ. 74ರಲ್ಲಿ ಅದು ಗಟ್ಟಿ ಹರಳು, 76ರಲ್ಲಿ ಪೂರ್ತಿ ಕರಗುವ ತನಕ ನಿಲ್ಲದು. ಕೆರೆ ಕೋಡಿ ಬೀಳುವುದು ಹೀಗೆಯೇ ಅಲ್ಲವೆ? ಒಂದಂಗುಲ ಕಡಿಮೆಯಿದ್ದರೆ ಹೊರಗೆ ಹನಿಯೂ ಇಲ್ಲ, ಒಂದಂಗುಲ ಹೆಚ್ಚಾದರೆ ಹಳ್ಳವೇ ಹರಿಯುತ್ತದೆ.

ಸಾಗರದ ಮೇಲಿನ ಗಾಳಿಯಲ್ಲಿ ತೇವ ಸಾಮಾನ್ಯವಾಗಿ ಶೇ 80ರ ಆಸುಪಾಸು. ಅಂದರೆ ಕೋಡಿ ಬಿದ್ದ ಕೆರೆಯೇ. ಬಿಸಿಲಿಗೆ ಬನಿಯನ್ನು ಕಾದಾಗ ನೀರು ತಪ್ಪಿಸಿಕೊಂಡು ಹೋಗುತ್ತದೆ, ಸಂಜೆ ತಣಿದ ಕೂಡಲೇ ನೂಲಿನ ನಡುವೆ ಕೂತ ಉಪ್ಪು ಅದನ್ನು ವಾಪಸು ಕರೆಯುತ್ತದೆ. ಸಾಲದ್ದಕ್ಕೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದು, ಅದೆಲ್ಲ ಅಡುಗೆ ಉಪ್ಪಲ್ಲ. ಅದರಲ್ಲಿ ಸೇರಿರುವ ಮೆಗ್ನೀಸಿಯಂ ಕ್ಲೋರೈಡ್ ಶೇ 33ರ ತೇವಕ್ಕೇ ಕರಗಲು ಶುರುಮಾಡುವ ಆಸಾಮಿ. ಪ್ಯಾಕೆಟ್ಟಿನ ಪುಡಿ ಉಪ್ಪಿಗಿಂತ ಕಲ್ಲುಪ್ಪು ಬೇಗ ಬೆವರುವುದಕ್ಕೂ ಇದೇ ಕಾರಣ. ನಮ್ಮಜ್ಜಿ ಉಪ್ಪಿನ ಮರಿಗೆಯನ್ನು ಒಲೆಯ ಪಕ್ಕದ ಗೂಡು ಬಿಟ್ಟು ಬೇರೆಲ್ಲೂ ಇಡಗೊಡುತ್ತಿರಲಿಲ್ಲ. ಘಟ್ಟದ ಕೆಳಗಿನಿಂದ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬರುತ್ತಿದ್ದ ಕಾಲದ ಎಚ್ಚರಿಕೆ ಅದು.

ಹಾಯಿ ಹಡಗಿನ ತೇವಕ್ಕೆ ನಮ್ಮ ಕಾಫಿ ಬೆಳೆಗಾರರು ಋಣಿಗಳೆಂದರೆ ನಂಬುತ್ತೀರಾ? ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಕಾಫಿ ಆಫ್ರಿಕಾದ ತುದಿ ಬಳಸಿಕೊಂಡು ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ಅಷ್ಟು ದಿನ ಮರದ ಹಡಗಿನ ಹೊಟ್ಟೆಯಲ್ಲಿ ಕೂತ ಬೀಜ ತೇವ ಕುಡಿದು ಉಬ್ಬಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಯುರೋಪಿನವರಿಗೆ ಆ ರುಚಿಯೇ ಒಗ್ಗಿಹೋಯಿತು. ಉಗಿಹಡಗು, ಹೊಸ ಕಾಲುವೆ ಬಂದು ಪ್ರಯಾಣ ಚಿಕ್ಕದಾದಾಗ ಬೀಜ ಹಸಿರಾಗಿಯೇ ಹೋಗಿ ಇಳಿಯಿತು. ‘ಇದಲ್ಲ ನಮ್ಮ ಕಾಫಿ’ ಎಂದರು! ಆಮೇಲೆ ಕರಾವಳಿಯ ಗೋದಾಮುಗಳಲ್ಲಿ ಚೆರಿ ಕಾಫಿ (ಹಣ್ಣಾಗಿಯೇ ಒಣಗಿಸಿದ್ದು) ಬೀಜವನ್ನು ಮಳೆಗಾಲದ ಗಾಳಿಗೆ ಹರವಿ, ಕೈಯಾಡಿಸಿ, ಬೇಕೆಂದೇ ತೇವ ಕುಡಿಸುವ ಪದ್ಧತಿ ಬಂತು. ಇವತ್ತಿನ ‘ಮಾನ್ಸೂನ್ಡ್ ಮಲಬಾರ್’ ಅದೇ. ನಾವಿಲ್ಲಿ ಕಣದಲ್ಲಿ ಬೆವರು ಸುರಿಸಿ ಒಣಗಿಸಿದ್ದನ್ನು ಅಲ್ಲಿ ಮತ್ತೆ ಒದ್ದೆ ಮಾಡಿ ಹೆಚ್ಚು ಬೆಲೆಗೆ ಮಾರುತ್ತಾರೆ. ಇರಲಿ.

ಈಗಿನ ದೋಣಿಗಳಲ್ಲಿ ಆರ್‌ಓ ಯಂತ್ರವೂ ಇರುತ್ತದೆ. ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕದ್ದೇ ತತ್ವ. ಆದರೆ ಕೊಳವೆಬಾವಿ ನೀರಿನಂತಲ್ಲ, ಸಮುದ್ರದ ಉಪ್ಪಿನ ಹಿಡಿತದಿಂದ ನೀರನ್ನು ಬಿಡಿಸಲು ವಾಯುಮಂಡಲದ ಐವತ್ತು ಪಟ್ಟಿಗೂ ಹೆಚ್ಚು ಒತ್ತಡ ಬೇಕು. ಅಷ್ಟು ಕಷ್ಟಪಟ್ಟು ತೆಗೆದ ನೀರಲ್ಲಿ ಬನಿಯನ್ನು ಜಾಲಿಸುವ ಮನಸ್ಸು ಯಾರಿಗೆ ಬಂದೀತು? ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 56 ಅಡಿಯ ‘ತಾರಿಣಿ’ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ನಡುವೆ ಬಂದರುಗಳಲ್ಲಿ ತಂಗುತ್ತ, 2018ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದರಲ್ಲ, ಒಟ್ಟು 254 ದಿನ. ಆ ಸುದ್ದಿ ಓದುವಾಗ ಅಲೆಗಳ ಎತ್ತರವೇ ಕಣ್ಣಿಗೆ ಕಟ್ಟಿತ್ತು. ಈಗ ಅವರ ಬಟ್ಟೆಯ ಗತಿ ನೆನಪಾಗುತ್ತದೆ.

ಪಕ್ಕದ ಮನೆಯ ಬಟ್ಟಲಿಗೆ ವಾಪಸು ಬರೋಣ. ಅವರದ್ದೇ ಹಜಾರ, ಅವರದ್ದೇ ಮೂಲೆ, ಅವರದ್ದೇ ಉಪ್ಪು. ಅಷ್ಟೇ ಉಪ್ಪನ್ನು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಪಕ್ಕದಲ್ಲಿಟ್ಟೆ. ವಾರ ಕಳೆದರೂ ಒಣಗಿಯೇ ಇತ್ತು. ‘ಮುಚ್ಚಿಟ್ರೆ ಶಕ್ತಿ ಒಳಗೆ ಹೋಗೋದು ಹೆಂಗೆ ಮೇಷ್ಟ್ರೇ?’ ಅಂದರು. ಸರಿ, ಇನ್ನೊಂದು ಬಟ್ಟಲನ್ನು ತೆರೆದೇ ಇಟ್ಟು ಹತ್ತಿರದಲ್ಲೊಂದು ಹಳೇ 60 ವಾಟಿನ ಬಲ್ಬು ಉರಿಸಿದೆ. ಗಾಳಿ ಬೆಚ್ಚಗಾದರೆ ಅದರ ಸಾಪೇಕ್ಷ ತೇವ ಇಳಿಯುತ್ತದೆ, ಉಪ್ಪು ನೀರಾಗದು. ಆಗಲಿಲ್ಲ. ‘ಬೆಳಕಿದ್ದ ಕಡೆ ಅದು ಸುಳಿಯಲ್ಲ’ ಅಂದರು. ಈ ಪುನರ್ವಸು ಮಳೆಗೆ ಮೂರನೇ ಬಟ್ಟಲನ್ನು ಅವರ ಬಚ್ಚಲಿನ ಹಂಡೆ ಒಲೆಯ ಹಿಂದೆ, ಬೆಚ್ಚಗಿರುವ ಕಗ್ಗತ್ತಲಲ್ಲಿ ಇಡಬೇಕೆಂದಿದ್ದೇನೆ.